ಡಾಕ್ಟರ್ ಗುರುಪ್ರಸಾದ ಮಾಡಿಸದ ಪರೀಕ್ಷೆ

ಬಸುರಿನ ಮೊದಲ ರಕ್ತಪರೀಕ್ಷೆಯಾದ ಮೇಲೆ ಆಸ್ಪತ್ರೆಯಿಂದ ಮತ್ತೆ ಫೋನ್ ಬಂದಾಗ ನಿಸರ್ಗಾ ಗಾಬರಿಯಾಗಲಿಲ್ಲ. ಹಿಮೋಗ್ಲೋಬಿನ್ ಕಡಿಮೆ ಇರಬೇಕು, ಕಬ್ಬಿಣದ ಮಾತ್ರೆ ಬರೆದುಕೊಡುತ್ತಾರೆ ಅಂದುಕೊಂಡಳು. ಯಾರಾದರೂ ಜೊತೆಗೆ ಬಂದರೆ ಒಳ್ಳೆಯದು ಎಂದು ಆ ಕಡೆಯ ಹೆಂಗಸು ಹೇಳಿದ್ದನ್ನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವಳ ಗಂಡ ಗುರುಪ್ರಸಾದ ಲೆಟರ್‌ಕೆನ್ನಿ ಎಂಬ ಐರಿಶ್ ಊರಿನ ಅದೇ ಆಸ್ಪತ್ರೆಯಲ್ಲಿ ಡಾಕ್ಟರು. ಬೇಕಾದರೆ ವಾರ್ಡಿನಿಂದ ಇಳಿದು ಬರುತ್ತಾನೆ ಎಂದುಕೊಂಡು, ತಾನು ಕೆಲಸ ಮಾಡುವ ಶಿಶುವಿಹಾರಕ್ಕೆ ಅರ್ಧ ದಿನ ರಜೆ ಹೇಳಿ ಒಬ್ಬಳೇ ಹೋದಳು.

ನೋರಾ ಎಂಬ ನಡುವಯಸ್ಸಿನ ಮಿಡ್‌ವೈಫ್ ಬಾಗಿಲು ಮುಚ್ಚಿ, ಮೇಜಿನ ಆ ಕಡೆಗೆ ಹೋಗದೆ ಇವಳ ಪಕ್ಕದ ಕುರ್ಚಿಯಲ್ಲೇ ಕೂತಳು. ಇದು ಕಬ್ಬಿಣದ ಮಾತ್ರೆಯ ಮಾತಲ್ಲ ಎಂದು ನಿಸರ್ಗಾಳಿಗೆ ಆಗ ಹೊಳೆಯಿತು.

"ನಿಮ್ಮ ರಕ್ತದಲ್ಲಿ ಎಚ್‌ಐವಿ ಸಿಕ್ಕಿದೆ. ಖಚಿತ ಮಾಡಿಕೊಂಡೇ ಹೇಳುತ್ತಿದ್ದೇನೆ" ಅಂದಳು ನೋರಾ.

"ಇಲ್ಲ, ನನ್ನ ಗಂಡ ಡಾಕ್ಟರು" ಅಂದಳು ನಿಸರ್ಗಾ. ಆ ಮಾತಿಗೂ ಈ ಮಾತಿಗೂ ಏನು ಸಂಬಂಧವೆಂದು ಅವಳಿಗೇ ತಿಳಿಯಲಿಲ್ಲ.

ನೋರಾ ಅವಳ ಕೈ ಹಿಡಿದುಕೊಂಡಳು. ಇದು ಮೊದಲಿನ ಹಾಗೆ ಸಾಯಿಸುವ ಕಾಯಿಲೆಯಲ್ಲ, ದಿನಾ ಮಾತ್ರೆ ನುಂಗಿದರೆ ಸಾಕು, ಈ ದೇಶದಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ ಎಂದಳು. "ಮಗು ಗ್ರ್ಯಾಂಡ್ ಆಗಿರುತ್ತದೆ. ನೀವೂ ಗ್ರ್ಯಾಂಡ್ ಆಗಿರುತ್ತೀರಿ." ಇಲ್ಲಿಯವರಿಗೆ ಮಳೆ ನಿಂತರೂ ಗ್ರ್ಯಾಂಡ್, ಚಹಾ ಬಿಸಿಯಿದ್ದರೂ ಗ್ರ್ಯಾಂಡ್. ಆ ಪದವನ್ನು ಇಂಥದಕ್ಕೂ ಬಳಸುತ್ತಾರೆಂದು ನಿಸರ್ಗಾಳಿಗೆ ಗೊತ್ತಿರಲಿಲ್ಲ. "ಆದರೆ ನಿಮ್ಮ ಗಂಡನೂ ಪರೀಕ್ಷೆ ಮಾಡಿಸಲೇಬೇಕು. ಇಲ್ಲೇ ಆಗಬೇಕೆಂದಿಲ್ಲ. ಅವರಿಗೆ ಎಲ್ಲಿ ಅನುಕೂಲವೋ ಅಲ್ಲಿ."

ಹೊರಗಿನ ಕಾರಿಡಾರಿನಲ್ಲಿ, ಅದೇ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಗುನಗುತ್ತಾ ಹೇಳುವ ಪೋಸ್ಟರ್ ಇತ್ತು. ಗಂಡನಿಗೆ ಊಟದ ಡಬ್ಬಿ ಕೊಡಲು ಬಂದಾಗೆಲ್ಲ ಅವಳು ಅದರ ಮುಂದೆಯೇ ಓಡಾಡಿದ್ದಳು. ಅದು ಯಾರಿಗೋ ಹೇಳಿದ ಮಾತಾಗಿತ್ತು.

ನಿಸರ್ಗಾ ಚಿತ್ರದುರ್ಗದವಳು. ಅಲ್ಲಿನ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಹೇಳುತ್ತಿದ್ದಾಗ ದಾವಣಗೆರೆಯ ಈ ಸಂಬಂಧ ಬಂದಿತ್ತು. ಮೆದುಮಾತಿನ ಹುಡುಗ, ಎಂ.ಡಿ. ಮಾಡಿದವನು, ಆಗಲೇ ಇದೇ ದೇಶದ ಕಿಲ್ಕೆನ್ನಿಯಲ್ಲಿ ಕೆಲಸದಲ್ಲಿದ್ದವನು. ಎರಡೂ ಕಡೆಯವರು ಜಾತಕ ನೋಡಿದರು, ಸಂಬಳ ವಿಚಾರಿಸಿದರು, ಸಿಗರೇಟು ಸೇದುತ್ತಾನಾ ಎಂದು ಕೂಡ ಕೇಳಿದರು. ಮದುವೆಯಾದ ಮೇಲೆ ಅವನಿಗೆ ಲೆಟರ್‌ಕೆನ್ನಿಯಲ್ಲಿ ಮೇಲಿನ ಹುದ್ದೆ ಸಿಕ್ಕಿ ಇಬ್ಬರೂ ಉತ್ತರದ ಈ ಊರಿಗೆ ಬಂದರು. ಅವನು ಒಳ್ಳೆಯ ಗಂಡನೇ. ಅಡುಗೆಯಲ್ಲಿ ಕೈಜೋಡಿಸುತ್ತಿದ್ದ, ಗದರಿದವನಲ್ಲ. ಮಗುವಿಗಾಗಿ ಅವಳು ಹಂಬಲಿಸಿದಷ್ಟು ಅವನು ಹಂಬಲಿಸಿರಲಿಲ್ಲ ಅನ್ನುವುದೊಂದೇ ಅವಳಿಗಿದ್ದ ಸಣ್ಣ ಕೊರಗು.

ಸಂಜೆ ಅವನು ಕೆಲಸದಿಂದ ಬಂದು ಶೂ ಬಿಚ್ಚುವಾಗ ಹೇಳಿಬಿಟ್ಟಳು. ಅವನು ಶೂ ಕೈಯಲ್ಲೇ ಹಿಡಿದುಕೊಂಡು ಕೇಳಿದ,

"ವೈರಲ್ ಲೋಡ್ ಎಷ್ಟು ಅಂದ್ರು?"

"ನಂಗೊತ್ತಿಲ್ಲ ರೀ. ನಂಗದೆಲ್ಲ ಅರ್ಥ ಆಗ್ಲಿಲ್ಲ."

"ಬಸುರೀಲಿ ಕೆಲವು ಸಲ ತಪ್ಪು ರಿಸಲ್ಟ್ ಬರುತ್ತೆ" ಅಂದ. ಅವಳ ಮುಖ ನೋಡದೆ ಶೂ ಕೆಳಗಿಟ್ಟು, "ಊರಲ್ಲಿ ನಿಂಗೆ ಯಾವಾಗ್ಲಾದ್ರೂ ರಕ್ತ ಕೊಡಿಸಿದ್ರಾ? ಆಪರೇಷನ್, ಆಕ್ಸಿಡೆಂಟ್, ಏನಾದ್ರೂ?" ಎಂದು ಕೇಳಿದ.

"ಇಲ್ಲ ಅಂತ ನಿಮಗೆ ಗೊತ್ತು."

ಅವನ ಕಾಲರಿನೊಳಗೆ ಕತ್ತು ಎಷ್ಟು ಸಣ್ಣಗಾಗಿದೆ ಎಂದು ಅವಳು ಅವತ್ತು ನೋಡಿದಳು. ಹಿಂದಿನ ವರ್ಷ ಅವನ ಬೆನ್ನ ಮೇಲೆ ಸರ್ಪಸುತ್ತು ಎದ್ದಿತ್ತು. ಡ್ಯೂಟಿ ಜಾಸ್ತಿ, ಸ್ಟ್ರೆಸ್ ಎಂದು ತಾನೇ ಔಷಧಿ ತಂದು ಹಚ್ಚಿಕೊಂಡಿದ್ದ. ಬಾಯಲ್ಲಿ ಆಗಾಗ ಬಿಳಿ ಹುಣ್ಣು ಏಳುತ್ತಿತ್ತು. ವಿಟಮಿನ್ ಕಡಿಮೆಯಾಗಿದೆ ಅಂದಿದ್ದ. ಅವಳು ನಂಬಿದ್ದಳು. ಡಾಕ್ಟರಿಗೆ ತಾನೇನು ಹೇಳುವುದು?

"ನಿಮಗೆ ಮುಂಚೇನೇ ಗೊತ್ತಿತ್ತಾ?"

"ಇಲ್ಲ" ಅಂದ ಅವನು. ಆಮೇಲೆ ಬಹಳ ಮೆಲ್ಲಗೆ, "ಗೊತ್ತಾಗದ ಹಾಗೆ ನೋಡ್ಕೊಂಡಿದ್ದೆ" ಅಂದ.

ಹೌಸ್ ಸರ್ಜನ್ ಆಗಿದ್ದಾಗ ಸೂಜಿ ಚುಚ್ಚಿತ್ತು ಎಂದು ಅವನು ಒಮ್ಮೆ ಹೇಳಿದ. ಇನ್ನೊಮ್ಮೆ, ಮದುವೆಗೆ ಮುಂಚಿನ ಮಾತು, ಕೆದಕಬೇಡ ಅಂದ. ಯಾವುದು ನಿಜವೋ ಅವಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಕೆಲವು ದಿನ ಅವನ ತಟ್ಟೆಗೆ ಅನ್ನ ಬಡಿಸುವಾಗ ಸೌಟು ಬಿಸಾಡುವಷ್ಟು ಸಿಟ್ಟು ಬರುತ್ತಿತ್ತು. ಆಮೇಲೆ ಅದಕ್ಕೂ ತ್ರಾಣವಿಲ್ಲದಂತಾಯಿತು.

ಅವಳ ಚಿಕಿತ್ಸೆಯನ್ನು ಅವನು ಲೆಟರ್‌ಕೆನ್ನಿಯಲ್ಲಿ ಬೇಡವೆಂದ. ಅವಳು ಬಸ್ಸಿನಲ್ಲಿ ಡಬ್ಲಿನ್ನಿಗೆ ಹೋಗತೊಡಗಿದಳು. ಹೋದಾಗ ಅಲ್ಲಿನ ಬ್ಲಾಂಚರ್ಡ್ಸ್‌ಟೌನ್ ಬಡಾವಣೆಯಲ್ಲಿ ಪ್ರೇರಣಾಳ ಮನೆಯಲ್ಲಿ ಉಳಿಯುತ್ತಿದ್ದಳು. ಪ್ರೇರಣಾ ಮೈಸೂರಿನವಳು, ಸಾಫ್ಟ್‌ವೇರ್ ಕೆಲಸ, ಅಲ್ಲಿನ ಕನ್ನಡಿಗರ ಕೂಟಕ್ಕೆ ಕಾರ್ಯದರ್ಶಿ. ಅವಳಿಗೆ ಥೈರಾಯ್ಡ್ ಸ್ಪೆಷಲಿಸ್ಟ್ ಹತ್ತಿರ ಬಂದಿದ್ದೇನೆಂದು ಹೇಳಿದ್ದಾಯಿತು. ಮಾತ್ರೆಯ ಡಬ್ಬಿಯ ಮೇಲಿನ ಚೀಟಿಯನ್ನು ನಿಸರ್ಗಾ ಉಗುರಿನಿಂದ ಕೆರೆದು ತೆಗೆದಿದ್ದಳು.

ವಿಚಿತ್ರವೆಂದರೆ, ಅವಳ ಮಾತ್ರೆಯನ್ನು ಗುರುಪ್ರಸಾದ ಒಂದು ದಿನವೂ ಮರೆಯಲಿಲ್ಲ. ಬೆಳಿಗ್ಗೆ ತಿಂಡಿಯಾದ ಕೂಡಲೇ ನೀರಿನ ಲೋಟದ ಜೊತೆ ತಂದುಕೊಟ್ಟು ನುಂಗುವ ತನಕ ನಿಂತಿರುತ್ತಿದ್ದ. ಅವಳ ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿದೆ ಎಂದು ಡಬ್ಲಿನ್ನಿನ ಡಾಕ್ಟರಮ್ಮ ಹೇಳಿದ ದಿನ ಕೇಸರಿಭಾತ್ ಮಾಡಿದ. ತನ್ನ ವಿಷಯ ಬಂದರೆ ಮಾತ್ರ ಎದ್ದು ಹೋಗುತ್ತಿದ್ದ.

"ಎಲ್ಲಿ ಮಾಡ್ಸೋದು ಹೇಳು. ಇಲ್ಲಿನ ಲ್ಯಾಬಲ್ಲಿರೋ ಡೆಕ್ಲನ್ ಜೊತೆ ನಾನು ಬ್ಯಾಡ್ಮಿಂಟನ್ ಆಡ್ತೀನಿ."

"ಡಬ್ಲಿನ್‌ಗೆ ಬನ್ನಿ, ನನ್ ಜೊತೆ."

"ಅಲ್ಲಿನ ಕ್ಲಿನಿಕ್ಕಲ್ಲಿರೋ ಡಾಕ್ಟ್ರೊಬ್ಬ ಕಿಲ್ಕೆನ್ನೀಲಿ ನನ್ನ ಜೂನಿಯರ್ ಆಗಿದ್ದ. ಇದೇನು ದೊಡ್ಡ ದೇಶ ಅಂದ್ಕೊಂಡ್ಯಾ? ನಮ್ ಬೆಂಗಳೂರಿನ ಅರ್ಧದಷ್ಟೂ ಜನ ಇಲ್ಲ ಇಲ್ಲಿ. ಡಾಕ್ಟ್ರುಗಳೆಲ್ಲ ಒಬ್ರಿಗೊಬ್ರು ಗೊತ್ತು."

"ಅವ್ರು ಬಾಯಿ ಬಿಡೋ ಹಾಗಿಲ್ಲ ಅಂತ ನೀವೇ ಹೇಳ್ತಿದ್ರಿ."

"ಬಾಯಿ ಬಿಡೋದೇನು ಬೇಡ. ಕಣ್ಣಲ್ಲಿ ಗೊತ್ತಾಗುತ್ತೆ."

"ಹೋದ ವರ್ಷ ಆ ಮೀನು ಹಿಡಿಯೋ ಅಜ್ಜನಿಗೆ ಇದೇ ಬಂದಾಗ, ಅವ್ನು ಅಳೋದು ನಿಲ್ಲೋ ತನಕ ನೀವು ಪಕ್ಕದಲ್ಲಿ ಕೂತಿದ್ರಂತೆ. ಇದು ಶುಗರ್ ಇದ್ದ ಹಾಗೆ ಅಷ್ಟೇ ಅಂದ್ರಂತೆ. ನನಗೆ ನೀವೇ ಹೇಳಿದ್ದು."

"ಬೇರೆಯವ್ರಿಗೆ ಹೇಳೋದು ನನ್ನ ಕೆಲಸ ಕಣೇ" ಅಂದ ಅವನು.

ಹೆಣ್ಣುಮಗು ಹುಟ್ಟಿತು. ಬಾಣಂತನಕ್ಕೆ ದಾವಣಗೆರೆಯಿಂದ ಅತ್ತೆ ಕಮಲಾ ಬಂದರು. ಮಗುವಿಗೆ ಎದೆಹಾಲು ಕೊಡಬೇಡಿ, ಬಾಟಲಿ ಹಾಲೇ ಸುರಕ್ಷಿತ ಎಂದು ಡಾಕ್ಟರಮ್ಮ ಹೇಳಿದ್ದಳು. ನನಗೆ ಹಾಲು ಬರುತ್ತಿಲ್ಲ ಎಂದು ನಿಸರ್ಗಾ ಅತ್ತೆಗೆ ಹೇಳಿದಳು. ರವಿಕೆ ಒದ್ದೆಯಾಗದಂತೆ ಬಟ್ಟೆ ಮಡಚಿ ಇಟ್ಟುಕೊಂಡು ಹಾಗೆ ಹೇಳುವುದು ಹೆರಿಗೆಗಿಂತ ಕಷ್ಟವಾಗಿತ್ತು.

"ಬರಲ್ಲ ಅಂದ್ರೇನು? ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತಿನ್ನು, ತಾನಾಗೇ ಬರುತ್ತೆ" ಅನ್ನುತ್ತಿದ್ದರು ಅತ್ತೆ. ಕೆಲವು ದಿನ ಕಳೆದ ಮೇಲೆ ಮಾತಿನ ಧಾಟಿ ಬದಲಾಯಿತು. "ಈಗಿನ ಹುಡುಗೀರಿಗೆ ಮೈಕಟ್ಟು ಕೆಡುತ್ತೆ ಅನ್ನೋದೇ ಚಿಂತೆ. ಕೂಸಿಗೆ ಡಬ್ಬದ ಹಾಲು ಕುಡಿಸೋದಕ್ಕೆ ಮನಸ್ಸಾದ್ರೂ ಹೇಗೆ ಬರುತ್ತೋ, ಶಿವನೇ." ಗುರುಪ್ರಸಾದ ಎದುರಿಗೇ ಕೂತು ಕಾಫಿ ಲೋಟ ನೋಡುತ್ತಿದ್ದ.

ಅತ್ತೆ ಸ್ನಾನಕ್ಕೆ ಹೋದಾಗ ನಿಸರ್ಗಾ ಕೇಳಿದಳು, "ಒಂದ್ ಮಾತು ಹೇಳ್ಬಾರದಾ ನೀವು? ಡಾಕ್ಟರ್ ಮಗ ಹೇಳಿದ್ರೆ ನಂಬ್ತಾರೆ."

"ಏನಂತ ಹೇಳ್ಲಿ? ಕಾರಣ ಕೇಳ್ತಾಳೆ ಅಮ್ಮ."

ಕಮಲಾ ಊರಿಗೆ ಹೊರಡುವಾಗ ಸೊಸೆಯ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮಗನನ್ನು ತಬ್ಬಿಕೊಂಡು, ಎಷ್ಟು ಸೊರಗಿದ್ದೀಯೋ, ಇವಳು ಹೊಟ್ಟೆಗೆ ಹಾಕ್ತಾಳೋ ಇಲ್ವೋ ಎಂದು ಅತ್ತರು.

ಕೆಲವು ವಾರಗಳಲ್ಲಿ ಮಗುವಿನ ಪರೀಕ್ಷೆಯ ಫಲಿತಾಂಶ ಬಂತು. ಮಗುವಿಗೆ ಸೋಂಕಿರಲಿಲ್ಲ. ಗುರುಪ್ರಸಾದ ಮಗಳ ಎರಡೂ ಪಾದಗಳನ್ನು ಹಿಡಿದು, ಅವನ್ನು ಹಣೆಗೆ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತ. ಅತ್ತು ಮುಗಿದ ಮೇಲೆ, ಅವಳು ಕೇಳದಿದ್ದರೂ, "ಆಯ್ತು, ಈ ಸಲ ನಾನೂ ಬರ್ತೀನಿ ಡಬ್ಲಿನ್‌ಗೆ" ಅಂದ. ನಿಸರ್ಗಾಳಿಗೆ ಅದನ್ನು ನಂಬಲು ಭಯವಾಯಿತು. ಅವನ ಎದುರಿಗೇ ಕ್ಲಿನಿಕ್ಕಿಗೆ ಫೋನ್ ಮಾಡಿ ಅವನ ಹೆಸರು ಕೊಟ್ಟಳು.

ಬೇಸಿಗೆಯ ಒಂದು ದಿನ ಕಾರಿನಲ್ಲಿ ಹೋದರು. ದಾರಿಯುದ್ದಕ್ಕೂ ಅವನು ಮಗುವಿಗೆ ಏನೇನೋ ಹಾಡಿಕೊಂಡು ಬಂದ. ಕ್ಲಿನಿಕ್ಕಿನಲ್ಲಿ ಅವನ ಹಳೆಯ ಜೂನಿಯರ್ ಇರಲಿಲ್ಲ. ಬೇರೆ ಊರಿಗೆ ಹೋಗಿದ್ದನಂತೆ. ಅಷ್ಟು ಕೇಳಿ ಗುರುಪ್ರಸಾದನ ಭುಜಗಳು ಸಡಿಲವಾದವು. ಕಾಯುವ ಕೋಣೆಯಲ್ಲಿ ನಾಲ್ಕಾರು ಜನ ತಂತಮ್ಮ ಫೋನಿನಲ್ಲಿ ಮುಳುಗಿದ್ದರು. ಮಗು ಅಳತೊಡಗಿತು.

"ಅಳಬೇಡ ಕಂದಾ, ಈಗ್ಲೇ ಹೋಗ್ಬಿಡೋಣ" ಅಂದಳು ನಿಸರ್ಗಾ.

ಎದುರು ಸಾಲಿನಲ್ಲಿದ್ದ ಹುಡುಗನೊಬ್ಬ ತಟ್ಟನೆ ತಲೆಯೆತ್ತಿದ. ಇಪ್ಪತ್ತೇಳು ಇಪ್ಪತ್ತೆಂಟರವನಿರಬೇಕು. ಕತ್ತಿನಲ್ಲಿ ಯಾವುದೋ ಕಂಪನಿಯ ಗುರುತಿನ ಚೀಟಿ ನೇತಾಡುತ್ತಿತ್ತು. ಅವನು ನಿಸರ್ಗಾಳನ್ನು ನೋಡಿದ, ಗುರುಪ್ರಸಾದನನ್ನು ನೋಡಿದ. ಮುಖದ ರಕ್ತವೆಲ್ಲ ಇಳಿದುಹೋದಂತೆ ಬಿಳಿಚಿಕೊಂಡ. ಆ ಚೀಟಿಯನ್ನು ಅಂಗಿಯೊಳಗೆ ತುರುಕಿ, ಬ್ಯಾಗು ಎತ್ತಿಕೊಂಡು, ಯಾರನ್ನೂ ನೋಡದೆ ಹೊರಗೆ ನಡೆದುಬಿಟ್ಟ.

"ನೋಡಿದ್ಯಾ? ನಮ್ಮೋನು" ಅಂದ ಗುರುಪ್ರಸಾದ.

"ಅವ್ನೂ ಹೆದರ್ಕೊಂಡಿದ್ದಾನೆ ರೀ, ಪಾಪ. ನಮ್ಮನ್ನ ನೋಡೇ ಎದ್ದು ಹೋಗಿದ್ದು. ಹೋಗಿ ಕರ್ಕೊಂಡ್ ಬನ್ನಿ ಅವನ್ನ."

"ಅವನಿಗೆ ನನ್ ಗುರುತು ಸಿಕ್ಕಿದ್ರೆ? ಕಾರ್ಯಕ್ರಮಗಳಲ್ಲಿ ಎಲ್ಲಾದ್ರೂ ನೋಡಿದ್ರೆ?" ಅವನು ಆಗಲೇ ಎದ್ದಿದ್ದ. "ಕಾರಲ್ಲಿರ್ತೀನಿ."

ಅವಳು ಅವನ ತೋಳು ಹಿಡಿದಳು. ಅವನು ಬಿಡಿಸಿಕೊಂಡ. ಕಿಟಕಿಯಿಂದ ನೋಡಿದರೆ ಆ ಹುಡುಗ ರಸ್ತೆಯ ಬಲಕ್ಕೆ ಬಿರಬಿರನೆ ಹೋಗುತ್ತಿದ್ದ, ಅವಳ ಗಂಡ ಎಡಕ್ಕೆ. ಒಬ್ಬರು ಇನ್ನೊಬ್ಬರನ್ನು ತಿರುಗಿಯೂ ನೋಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ನರ್ಸ್ ಬಂದು ಒಂದು ಹೆಸರು ಕರೆದಳು. ಯಾರೂ ಏಳಲಿಲ್ಲ. ಇನ್ನೊಂದು ಹೆಸರು ಕರೆದಳು. ಅದು ಗುರುಪ್ರಸಾದನದು. ನಿಸರ್ಗಾ ಮಗುವನ್ನು ಎದೆಗೆ ಅವಚಿಕೊಂಡು ಇಲ್ಲವೆಂದು ತಲೆಯಾಡಿಸಿದಳು.

ಆ ಚಳಿಗಾಲದಲ್ಲಿ ಅವನಿಗೆ ತಲೆನೋವು ಶುರುವಾಯಿತು. ಬೆಳಕು ಕಂಡರೆ ಆಗುತ್ತಿರಲಿಲ್ಲ. ಹಗಲಲ್ಲೂ ಪರದೆ ಎಳೆದು ಮಲಗುತ್ತಿದ್ದ. ಬೆನ್ನುನೋವೆಂದು ಹೇಳಿ ರಜೆ ಹಾಕಿದ. ಒಂದು ಮಧ್ಯಾಹ್ನ ಹಾಲು ತರಲು ಹೋದವನು ತಮ್ಮ ಮನೆಯ ರಸ್ತೆ ಯಾವುದೆಂದು ಮರೆತು ಮೂಲೆಯಲ್ಲಿ ನಿಂತಿದ್ದ. ಪಕ್ಕದ ಮನೆಯವರು ಕರೆದುಕೊಂಡು ಬಂದರು. ನಿಸರ್ಗಾ ಡಬ್ಲಿನ್ನಿನ ಡಾಕ್ಟರಮ್ಮನಿಗೆ ಫೋನ್ ಮಾಡಿ ಅತ್ತಳು. ಹೇಗಾದರೂ ಒಪ್ಪಿಸಿ ಕರೆತನ್ನಿ, ಒಪ್ಪದವರ ರಕ್ತವನ್ನು ಬಲವಂತದಿಂದ ತೆಗೆಯಲು ನನಗೆ ಅಧಿಕಾರವಿಲ್ಲ ಅಂದಳು ಆಕೆ. ತನ್ನ ಮಾತ್ರೆಯನ್ನಾದರೂ ನುಂಗಿ ಎಂದು ನಿಸರ್ಗಾ ಅವನ ಕಾಲು ಹಿಡಿದಳು. "ಹಾಗೆಲ್ಲ ತಗೋಬಾರದು. ನಿನಗೆ ಕಡಿಮೆ ಆಗುತ್ತೆ" ಅಂದ ಅವನು, ಡಾಕ್ಟರನ ಹಾಗೆ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳಿಗೆ ಮಾತ್ರೆ ತೆಗೆದುಕೊಡುತ್ತಾ ಅವನು ಕುಸಿದು ಬಿದ್ದ. ಕೈಕಾಲು ಸೆಟೆದುಕೊಂಡವು. ಆಂಬುಲೆನ್ಸ್ ಬಂತು. ಅವನನ್ನು ಒಯ್ದದ್ದು ಅವನದೇ ಆಸ್ಪತ್ರೆಗೆ. ತುರ್ತು ವಿಭಾಗದಲ್ಲಿ ಅವನ ಸುತ್ತ ನಿಂತವರೆಲ್ಲ ಅವನ ಜೊತೆ ಕೆಲಸ ಮಾಡಿದವರೇ. ಏನಾಯ್ತು, ಎಷ್ಟು ದಿನದಿಂದ, ಮೊದಲೇನಾದರೂ ಕಾಯಿಲೆ ಇತ್ತಾ ಎಂದು ಅವರು ಕೇಳುತ್ತಿದ್ದರು. ಅಷ್ಟು ಹೊತ್ತಿಗೆ ಗುರುಪ್ರಸಾದನಿಗೆ ಎಚ್ಚರವಾಗಿತ್ತು. ಅವನು ಅವಳನ್ನೇ ನೋಡುತ್ತಿದ್ದ. ಬೇಡ ಎಂದು ಕಣ್ಣಲ್ಲೇ ಬೇಡುತ್ತಿದ್ದ.

"ಎಚ್‌ಐವಿ ಟೆಸ್ಟ್ ಮಾಡಿ. ನನಗಿದೆ. ಇವರಿಗೂ ಇರಬೇಕು" ಅಂದಳು ನಿಸರ್ಗಾ.

ಅವನು ಕಣ್ಣು ಮುಚ್ಚಿಕೊಂಡ. ಯಾರೂ ಬೆಚ್ಚಿ ಹಿಂದೆ ಸರಿಯಲಿಲ್ಲ. ಒಬ್ಬಳು ನರ್ಸ್ ಅವನ ಕೂದಲು ನೇವರಿಸಿ, "ಓ ಗುರು, ನಮಗೆ ಹೇಳಬಾರದಿತ್ತಾ" ಅಂದಳು, ಅಷ್ಟೇ.

ಮೆದುಳಿನ ಪೊರೆಗೆ ಶಿಲೀಂಧ್ರದ ಸೋಂಕು ಹತ್ತಿತ್ತು. ರೋಗದ ವಿರುದ್ಧ ಹೋರಾಡುವ ಶಕ್ತಿ ಅವನ ಮೈಯಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಾಗಿತ್ತು. ಬೇಸಿಗೆಯಲ್ಲಿ ಬಂದಿದ್ದರೂ ಸಾಕಿತ್ತು ಎಂದು ಹಿರಿಯ ಡಾಕ್ಟರು ಹೇಳಿದರು. ಹೇಳಬಾರದಿತ್ತೆನಿಸಿ ಅವರೇ ಮುಖ ಬೇರೆ ಕಡೆ ತಿರುಗಿಸಿದರು. ಬೆನ್ನಿನಿಂದ ನೀರು ತೆಗೆದರು, ಔಷಧಿಗಳನ್ನು ಹನಿಹನಿಯಾಗಿ ಏರಿಸಿದರು. ಅವನ ಸಹೋದ್ಯೋಗಿಗಳು ಪಾಳಿ ಮುಗಿಸಿ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಡೆಕ್ಲನ್ ಬ್ಯಾಡ್ಮಿಂಟನ್ ಕತೆ ಹೇಳುತ್ತಾ ಅವನ ಗಡ್ಡ ಬೋಳಿಸಿದ. ಅವನು ಇಷ್ಟು ವರ್ಷ ಹೆದರಿದ್ದು ಇವರಿಗಾ ಎಂದು ನಿಸರ್ಗಾ ಆ ಮುಖಗಳನ್ನು ನೋಡುತ್ತಾ ಕೂತಿದ್ದಳು. ಗುರುಪ್ರಸಾದ ಅದ್ಯಾವುದನ್ನೂ ಕಾಣಲಿಲ್ಲ. ಅವನ ದೃಷ್ಟಿ ಆಗಲೇ ಹೋಗಿತ್ತು.

ತುರ್ತು ವಿಭಾಗದಲ್ಲಿ ಅವಳು ಆ ಮಾತು ಆಡಿದ ಮೇಲೆ ಅವನು ಅವಳ ಹತ್ತಿರ ಮಾತಾಡಿದ್ದು ಒಂದೇ ಸಲ.

"ಎಲ್ರಿಗೂ ಗೊತ್ತಾಯ್ತಾ?"

"ಯಾರಿಗೂ ಗೊತ್ತಿಲ್ಲ ರೀ. ಮಲಗಿ" ಅಂದಳು.

ಅವನು ಕೇಳಿಸಿಕೊಂಡನೋ, ನಂಬಿದನೋ ಹೇಳುವುದು ಕಷ್ಟ. ಅವಳು ಹಿಡಿದಿದ್ದ ಕೈಯನ್ನು ಮಾತ್ರ ಕೊಡವಿಕೊಳ್ಳಲಿಲ್ಲ. ಫೆಬ್ರವರಿಯ ಒಂದು ಬೆಳಿಗ್ಗೆ, ಅವಳು ಮಗುವಿಗೆ ಬಾಟಲಿ ಹಿಡಿದು ಕೂತಿದ್ದಾಗ, ಉಸಿರು ನಿಂತಿತು.

ಡಬ್ಲಿನ್ನಿನಲ್ಲಿ ದಹನವಾಯಿತು. ಪ್ರೇರಣಾ ಎಲ್ಲವನ್ನೂ ಮುಂದೆ ನಿಂತು ಮಾಡಿಸಿದಳು. ಮೆದುಳು ಜ್ವರವಂತೆ, ಪಾಪ, ಚಿಕ್ಕ ವಯಸ್ಸು ಎಂದು ಬಂದವರೆಲ್ಲ ಮಾತಾಡಿಕೊಂಡರು. ಅದನ್ನು ಮೊದಲು ಹೇಳಿದವಳು ನಿಸರ್ಗಾಳೇ. ಫೋನಿನಲ್ಲಿ ಅತ್ತೆ, "ನನ್ನ ಮಗನ್ನ ನೀನು ನೋಡ್ಕೊಳ್ಳಲಿಲ್ಲ. ಡಾಕ್ಟ್ರಾಗಿದ್ದೋನು ಜ್ವರಕ್ಕೆ ಸಾಯ್ತಾನಾ? ತಲೆನೋವು ಅಂದಾಗ ಏನ್ ಮಾಡ್ತಿದ್ದೆ ನೀನು?" ಎಂದು ಚೀರಿದರು. ಸತ್ಯ ಅವಳ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವರು ಮಗನನ್ನು ಎರಡನೇ ಸಲ ಕಳೆದುಕೊಳ್ಳುತ್ತಿದ್ದರು. ಅಥವಾ ಸೊಸೆಯೇ ತಂದಳು ಅನ್ನುತ್ತಿದ್ದರು. ಎರಡನೆಯದೇ ನಡೆಯುತ್ತಿತ್ತೆಂದು ಅವಳಿಗೆ ಗೊತ್ತು. ಫೋನನ್ನು ಕಿವಿಯಿಂದ ದೂರ ಹಿಡಿದು, ಬೈಗುಳ ಮುಗಿಯುವ ತನಕ ಕೂತಳು.

ಬೇಸಿಗೆಯಲ್ಲಿ ಪ್ರೇರಣಾ ಫೋನ್ ಮಾಡಿದಳು. "ನಿಸರ್ಗಾ, ಕೂಟದಿಂದ ಗುರುಪ್ರಸಾದ್ ಅವ್ರ ಹೆಸರಲ್ಲಿ ಒಂದು ಹೆಲ್ತ್ ಕ್ಯಾಂಪ್ ಮಾಡ್ತಿದೀವಿ. ಬಿಪಿ, ಶುಗರ್, ಕಣ್ಣು. ನೀನು ಬಂದು ದೀಪ ಹಚ್ಬೇಕು. ಇಲ್ಲಿ ಒಂದು ಸಂಸ್ಥೆಯವ್ರು ಎಚ್‌ಐವಿ ಟೆಸ್ಟೂ ಫ್ರೀ ಮಾಡ್ತೀವಿ, ಒಂದು ಟೇಬಲ್ ಕೊಡಿ ಅಂದ್ರು. ನಾನು ಬೇಡ ಅಂದೆ. ಫ್ಯಾಮಿಲಿ ಪ್ರೋಗ್ರಾಮ್ ಅಲ್ವಾ, ನಮ್ಮೋರಿಗೆ ಅದ್ಯಾಕೆ? ನೀನೇನಂತೀಯಾ?"

ನಿಸರ್ಗಾ ಕಿಟಕಿಯ ಹತ್ತಿರ ನಿಂತಿದ್ದಳು. ಹೇಳಬೇಕೆಂದು ಅವಳು ಬಾಯಿ ತೆರೆದದ್ದೂ ನಿಜ. ಶಿಶುವಿಹಾರದಲ್ಲಿ ಇತರರ ಮಕ್ಕಳನ್ನು ಎತ್ತಿಕೊಳ್ಳುವ ತನ್ನ ಕೈಗಳು, ಮುಂದೊಂದು ದಿನ ಶಾಲೆಗೆ ಹೋಗಬೇಕಾದ ಮಗಳು, ದಾವಣಗೆರೆ, ಚಿತ್ರದುರ್ಗ ಎಲ್ಲವೂ ಒಟ್ಟಿಗೆ ಕಣ್ಣೆದುರು ಬಂದವು.

"ನಿಮಗೆ ಸರಿ ಅನ್ನಿಸಿದ ಹಾಗೆ ಮಾಡಿ ಅಕ್ಕ" ಅಂದಳು.

ಕ್ಯಾಂಪಿನ ದಿನ ಬ್ಲಾಂಚರ್ಡ್ಸ್‌ಟೌನಿನ ಸಭಾಂಗಣ ತುಂಬಿತ್ತು. ಹಾರ ಹಾಕಿದ ಫೋಟೋದ ಮುಂದೆ ಅವಳು ದೀಪ ಹಚ್ಚಿದಳು. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಕುರ್ಚಿಗಳಲ್ಲಿ ಹೊಸದಾಗಿ ಮದುವೆಯಾದವರಿದ್ದರು, ಬಸುರಿಯರಿದ್ದರು, ಒಂಟಿ ಹುಡುಗರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಅವಳು ಮೈಕನ್ನು ಬಾಯಿಯ ಹತ್ತಿರ ತಂದಳು.

"ಎಲ್ಲರೂ ಬಿಪಿ ಚೆಕ್ ಮಾಡಿಸ್ಕೊಳ್ಳಿ. ಅಸಡ್ಡೆ ಮಾಡಬೇಡಿ" ಅಂದಳು. ಅದಕ್ಕಿಂತ ಹೆಚ್ಚು ಆಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು.

ಊಟಕ್ಕೆ ನಿಲ್ಲು ಎಂದು ಪ್ರೇರಣಾ ಎಷ್ಟು ಹೇಳಿದರೂ ಕೇಳದೆ ಅವಳು ಮಗುವನ್ನು ಎತ್ತಿಕೊಂಡು ಲೆಟರ್‌ಕೆನ್ನಿಯ ಬಸ್ಸು ಹತ್ತಿದಳು. ಡಬ್ಲಿನ್ ದಾಟಿ, ಹಸುರು ಗುಡ್ಡಗಳು ಶುರುವಾದ ಮೇಲೂ ಅವಳಿಗೆ ಅಳು ಬರಲಿಲ್ಲ. ತೊಡೆಯ ಮೇಲೆ ಮಲಗಿದ್ದ ಮಗಳ ಬೆವತ ಹಣೆಯನ್ನು ಸೆರಗಿನಿಂದ ಒರೆಸುತ್ತಾ, ಆ ಸಭೆಯಲ್ಲಿ ಕಂಡ ಮುಖಗಳನ್ನು ಒಂದೊಂದಾಗಿ ನೆನೆಯುತ್ತಾ ಹೋದಳು.